ಕೈ ಬಿಗಿಯುವ ಮಕ್ಕಳಿಗೆ ಸ್ಪ್ಲಿಂಟ್: ಅದು ಮಾಡುವುದೇನು, ಮಾಡದಿರುವುದೇನು

ಕುದೂರು ಹೋಬಳಿಯ ಒಂದು ಹಳ್ಳಿಗೆ ಮನೆಭೇಟಿಗೆ ಹೋದಾಗ ನಡೆದ ಸಂಗತಿಯಿಂದಲೇ ಶುರು ಮಾಡುತ್ತೇವೆ. ಆರು ವರ್ಷದ ಹುಡುಗ. ಹುಟ್ಟಿದಾಗ ತಡವಾಗಿ ಅತ್ತ ಮಗು. ಬಲಗೈ ಮೊಣಕೈಯಲ್ಲಿ ಮಡಚಿ ಎದೆಗೆ ಅಂಟಿಕೊಂಡಿದೆ. ಮಣಿಕಟ್ಟು ಕೆಳಕ್ಕೆ ಬಾಗಿದೆ. ಮುಷ್ಟಿ ಬಿಗಿದು ಹೆಬ್ಬೆರಳು ಅದರೊಳಗೆ ಸಿಕ್ಕಿಕೊಂಡಿದೆ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಳತೆ ಕೊಟ್ಟು ಮಾಡಿಸಿದ ಸ್ಪ್ಲಿಂಟ್ ಮಾತ್ರ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತಾಡುತ್ತಿತ್ತು.

"ಯಾಕಮ್ಮ, ಹಾಕ್ತಿಲ್ವಾ?" ಎಂದು ಕೇಳಿದೆವು.

"ಹಾಕಿದ್ದೆ ಸಿಸ್ಟರ್. ರಾತ್ರಿಯೆಲ್ಲಾ ಅತ್ತ. ಬೆಳಿಗ್ಗೆ ಬಿಚ್ಚಿ ನೋಡಿದ್ರೆ ಹೆಬ್ಬೆಟ್ಟಿನ ಬುಡದಲ್ಲಿ ಬೊಬ್ಬೆ ಎದ್ದಿತ್ತು. ಮೂರು ತಿಂಗಳು ಕಟ್ಟಿದ್ರೆ ಕೈ ಸರಿಹೋಗುತ್ತೆ ಅಂತ ಎಲ್ಲಾ ಅಂದ್ರು. ಎಲ್ಲಿ ಸರಿಹೋಯ್ತು? ಸುಮ್ನೆ ಮಗೂನ ಯಾಕೆ ಅಳಿಸಬೇಕು ಅಂತ ತೆಗೆದಿಟ್ಟೆ."

ತಪ್ಪು ಆ ತಾಯಿಯದಲ್ಲ, ನಮ್ಮದು. "ರಾತ್ರಿ ಹಾಕಿ" ಎಂದಷ್ಟೇ ಹೇಳಿ ಬಂದಿದ್ದೆವು. ಮೊದಲ ದಿನ ಎಷ್ಟು ಹೊತ್ತು, ಚರ್ಮ ಹೇಗೆ ನೋಡಬೇಕು, ನೋವಾದರೆ ಏನು ಮಾಡಬೇಕು ಎಂದು ಕೂತು ತೋರಿಸಿರಲಿಲ್ಲ. ಒಂದು ತಿಂಗಳು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಮೂರು ತಿಂಗಳಲ್ಲಿ ಸರಿಹೋಗುತ್ತದೆ ಎಂದು ನಾವು ಹೇಳಿರಲಿಲ್ಲ, ನಿಜ. ಆದರೆ ಹಾಗೆ ಸರಿಹೋಗುವ ಕಾಯಿಲೆ ಇದಲ್ಲ ಎಂದೂ ಬಿಡಿಸಿ ಹೇಳಿರಲಿಲ್ಲ. ಆದ್ದರಿಂದ ಈ ಬಾರಿಯ ಕರಪತ್ರದಲ್ಲಿ ಅದನ್ನೇ ಬಿಡಿಸಿ ಹೇಳುವ ಪ್ರಯತ್ನ ಮಾಡುತ್ತಿದ್ದೇವೆ. ಇಂಥ ಮಕ್ಕಳಿರುವ ತಂದೆತಾಯಿಯರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಅಕ್ಕಂದಿರು ದಯವಿಟ್ಟು ಪೂರ್ತಿ ಓದಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು.

ಇದು ಯಾವ ಕಾಯಿಲೆ?

ಇದನ್ನು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಕನ್ನಡದಲ್ಲಿ ಮೆದುಳಿನ ಪಾರ್ಶ್ವವಾಯು ಎಂದು ಹೇಳುವುದುಂಟು. ಮಗು ಗರ್ಭದಲ್ಲಿರುವಾಗ, ಹುಟ್ಟುವಾಗ ಅಥವಾ ಹುಟ್ಟಿದ ಮೊದಲ ವರ್ಷಗಳಲ್ಲಿ, ಬೆಳೆಯುತ್ತಿರುವ ಮೆದುಳಿಗೆ ಆದ ಪೆಟ್ಟಿನಿಂದ ಇದು ಬರುತ್ತದೆ. ದಿನ ತುಂಬುವ ಮೊದಲೇ ಹುಟ್ಟುವುದು, ಹೆರಿಗೆ ಸಮಯದಲ್ಲಿ ಉಸಿರು ಕಟ್ಟುವುದು, ವಿಪರೀತ ಕಾಮಾಲೆ, ಮೆದುಳು ಜ್ವರ ಇವೆಲ್ಲ ಕಾರಣವಾಗಬಹುದು. ಎಷ್ಟೋ ಮಕ್ಕಳಲ್ಲಿ ಕಾರಣ ಇದೇ ಎಂದು ಹೇಳಲಾಗುವುದಿಲ್ಲ. ಸಾವಿರ ಮಕ್ಕಳಲ್ಲಿ ಸುಮಾರು 2ರಿಂದ 3 ಮಕ್ಕಳಿಗೆ ಇದು ಇರುತ್ತದೆ ಎಂಬುದು ಸಾಮಾನ್ಯ ಅಂದಾಜು. ಇದು ಅಂಟುರೋಗವಲ್ಲ. ಗ್ರಹಚಾರವಲ್ಲ, ಯಾರ ಶಾಪವೂ ಅಲ್ಲ. ತಾಯಿ ಗ್ರಹಣದಲ್ಲಿ ಹೊರಗೆ ಬಂದದ್ದರಿಂದ ಆದದ್ದೂ ಅಲ್ಲ.

ಎರಡು ಮಾತು ನೆನಪಿರಲಿ. ಒಂದು, ಮೆದುಳಿಗೆ ಆದ ಪೆಟ್ಟು ದಿನೇ ದಿನೇ ಹೆಚ್ಚುವುದಿಲ್ಲ. ಎರಡು, ಅದರ ಪರಿಣಾಮವಾಗಿ ಕೈಕಾಲುಗಳಲ್ಲಿ ಆಗುವ ತೊಂದರೆ ಮಾತ್ರ, ಗಮನ ಕೊಡದಿದ್ದರೆ, ಮಗು ಬೆಳೆದಂತೆ ಹೆಚ್ಚುತ್ತದೆ. ನಮ್ಮ ಕೆಲಸ ಇರುವುದು ಈ ಎರಡನೆಯದರಲ್ಲಿ.

ಬಿಗಿತ ಬೇರೆ, ಗಿಡ್ಡವಾಗುವುದು ಬೇರೆ

ನಮ್ಮ ಕೈಯ ಸ್ನಾಯುಗಳಿಗೆ "ಬಿಗಿ ಹಿಡಿ", "ಸಡಿಲ ಬಿಡು" ಎಂದು ಹೇಳುವುದು ಮೆದುಳು. ಮೆದುಳಿನ ಆ ಭಾಗಕ್ಕೆ ಪೆಟ್ಟಾದಾಗ ಸಡಿಲ ಬಿಡುವ ಅಪ್ಪಣೆ ಸರಿಯಾಗಿ ತಲುಪುವುದಿಲ್ಲ. ಸ್ನಾಯು ಬಿಗಿದೇ ಇರುತ್ತದೆ. ಇದನ್ನೇ ಸ್ಪಾಸ್ಟಿಸಿಟಿ ಎನ್ನುವುದು. ಇದರ ಒಂದು ಗುಣವನ್ನು ಎಲ್ಲರೂ ತಿಳಿಯಬೇಕು. ಥಟ್ಟನೆ ಎಳೆದರೆ ಬಿಗಿತ ಹೆಚ್ಚುತ್ತದೆ, ನಿಧಾನವಾಗಿ ಎಳೆದರೆ ಬಿಡುತ್ತದೆ. ಕರುವಿನ ಹಗ್ಗವನ್ನು ಜಗ್ಗಿದರೆ ಅದು ನಾಲ್ಕೂ ಕಾಲೂರಿ ನಿಂತುಬಿಡುತ್ತದೆ, ಮೈ ಸವರಿ ಮೆಲ್ಲಗೆ ಕರೆದರೆ ಬರುತ್ತದೆ. ಇದೂ ಹಾಗೆಯೇ. ಚಳಿ, ಭಯ, ಅಳು, ಜ್ವರ, ಮಲಬದ್ಧತೆ, ಎಲ್ಲಾದರೂ ನೋವು, ಇವೂ ಬಿಗಿತವನ್ನು ಹೆಚ್ಚಿಸುತ್ತವೆ. "ನಿನ್ನೆ ಚೆನ್ನಾಗಿದ್ದ ಕೈ ಇವತ್ತು ಯಾಕೆ ಹೀಗೆ?" ಎನ್ನುವ ತಾಯಂದಿರು ಮೊದಲು ಇವನ್ನು ನೋಡಬೇಕು.

ಇನ್ನೊಂದು ತೊಂದರೆ ಬೇರೆ ಇದೆ. ಮಗು ಬೆಳೆದಂತೆ ಮೂಳೆ ಉದ್ದವಾಗುತ್ತದೆ. ಸದಾ ಮಡಚಿಕೊಂಡಿರುವ ಸ್ನಾಯು ಅದಕ್ಕೆ ತಕ್ಕಂತೆ ಉದ್ದವಾಗುವುದಿಲ್ಲ. ವರ್ಷಗಳು ಕಳೆದಂತೆ ಸ್ನಾಯು ಗಿಡ್ಡವಾಗಿ ಗಡುಸಾಗುತ್ತದೆ, ಕೀಲು ಹಿಡಿದುಕೊಳ್ಳುತ್ತದೆ. ಆಮೇಲೆ ಎಷ್ಟೇ ನಿಧಾನವಾಗಿ ಎಳೆದರೂ ಕೈ ಪೂರ್ತಿ ಬರುವುದಿಲ್ಲ.

ಎರಡರ ವ್ಯತ್ಯಾಸವನ್ನು ಮನೆಯಲ್ಲೇ ಸ್ವಲ್ಪ ಮಟ್ಟಿಗೆ ಗುರುತಿಸಬಹುದು. ಮಗು ಗಾಢ ನಿದ್ದೆಯಲ್ಲಿರುವಾಗ ಬಿಗಿತ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆಗ ಮೆಲ್ಲಗೆ ಬೆರಳು ಬಿಡಿಸಿ ನೋಡಿ. ಪೂರ್ತಿ ಬಿಟ್ಟರೆ ಸ್ನಾಯು ಇನ್ನೂ ಉದ್ದವಾಗಿಯೇ ಇದೆ ಎಂದು ಧೈರ್ಯ ತಂದುಕೊಳ್ಳಬಹುದು. ನಿದ್ದೆಯಲ್ಲೂ ಅರ್ಧಕ್ಕೇ ನಿಂತರೆ ತಡಮಾಡದೆ ಥೆರಪಿಸ್ಟ್‌ಗೆ ತೋರಿಸಬೇಕು. ಮೇಲೆ ಹೇಳಿದ ಹುಡುಗನ ತಾಯಿ, "ನಿದ್ದೇಲಿ ಬೆರಳೆಲ್ಲಾ ಬಿಡ್ತಾನೆ ಸಿಸ್ಟರ್, ಎದ್ದ ತಕ್ಷಣ ಹಿಡ್ಕೊಂಡ್ಬಿಡ್ತಾನೆ" ಎಂದರು. ಯಾರೂ ಹೇಳಿಕೊಡದೆ ಆಕೆ ಗಮನಿಸಿದ ಆ ಒಂದು ಮಾತು ನಮಗೆ ಬಹಳ ಉಪಯೋಗಕ್ಕೆ ಬಂತು.

ಸ್ಪ್ಲಿಂಟ್ ಎಂದರೆ ಪುತ್ತೂರು ಕಟ್ಟು ಅಲ್ಲ

ಕೈಕಾಲು ಮುರಿದಾಗ ಪುತ್ತೂರು ಕಟ್ಟು ಕಟ್ಟಿಸುವುದು ನಮ್ಮ ಕಡೆ ರೂಢಿ. ಆ ಕಟ್ಟಿನ ಉದ್ದೇಶ ಮುರಿದ ಮೂಳೆ ಕೂಡುವ ತನಕ ಅಲುಗದಂತೆ ನೋಡಿಕೊಳ್ಳುವುದು. ಕೂಡಿದ ಮೇಲೆ ಬಿಚ್ಚಿದರೆ ಕೆಲಸ ಮುಗಿಯಿತು. ಸ್ಪ್ಲಿಂಟ್ ನೋಡಲು ದಬ್ಬೆ ಕಟ್ಟಿದ ಹಾಗೆ ಕಂಡರೂ ಅದರ ಉದ್ದೇಶ ಬೇರೆ. ಇದು ಹಾಕಿ ತೆಗೆಯುವಂಥದ್ದು. ಕೈಯನ್ನು ಹದವಾದ ಒಂದು ಭಂಗಿಯಲ್ಲಿ ಕೆಲವು ಗಂಟೆ ಇಟ್ಟು, ಸ್ನಾಯುವಿಗೆ ಹಿತವಾದ ಎಳೆತ ಸಿಗುವಂತೆ ಮಾಡುತ್ತದೆ. ಬಿಗಿದ ಕೈಯನ್ನು ಬಲವಂತವಾಗಿ ನೆಟ್ಟಗೆ ಮಾಡುವ ಸಾಧನ ಇದಲ್ಲ.

ಸಾಮಾನ್ಯವಾಗಿ ಬಳಸುವವು ಇವು:

1. ವಿಶ್ರಾಂತಿ ಸ್ಪ್ಲಿಂಟ್: ಮುಂಗೈಯಿಂದ ಬೆರಳ ತುದಿಯವರೆಗೆ ತಟ್ಟೆಯಂತೆ ಆಸರೆ ಕೊಡುತ್ತದೆ. ಮಣಿಕಟ್ಟು ನೇರವಾಗಿ ಅಥವಾ ಸ್ವಲ್ಪ ಮೇಲಕ್ಕೆ, ಬೆರಳು ತುಸು ಬಾಗಿ, ಹೆಬ್ಬೆರಳು ಹೊರಗೆ ಇರುತ್ತದೆ. ಇದು ಮುಖ್ಯವಾಗಿ ರಾತ್ರಿ ಅಥವಾ ಮಗು ಸುಮ್ಮನೆ ಕೂತಾಗ ಹಾಕುವಂಥದ್ದು.

2. ಕೆಲಸದ ಸ್ಪ್ಲಿಂಟ್: ಹೆಬ್ಬೆರಳನ್ನು ಮಾತ್ರ ಹೊರಗೆ ಹಿಡಿಯುವ ಮೆತ್ತನೆಯ ಪಟ್ಟಿ, ಅಥವಾ ಮಣಿಕಟ್ಟಿಗೆ ಮಾತ್ರ ಆಸರೆ ಕೊಟ್ಟು ಬೆರಳುಗಳನ್ನು ಬಿಟ್ಟಿರುವಂಥದ್ದು. ಇದನ್ನು ಹಗಲಲ್ಲಿ, ಕೈ ಬಳಸುವಾಗಲೇ ಹಾಕಬೇಕು.

3. ಮೊಣಕೈ ಗೇಟರ್: ಮೊಣಕೈ ಮಡಚದಂತೆ ಸುತ್ತುವ ಬಟ್ಟೆಯ ಪಟ್ಟಿ, ಒಳಗೆ ಗಟ್ಟಿ ಕಡ್ಡಿಗಳಿರುತ್ತವೆ. ಕೈಯೂರಿ ಕೂರುವ, ಚೆಂಡು ತಳ್ಳುವ ಅಭ್ಯಾಸದ ಸಮಯದಲ್ಲಿ ಸ್ವಲ್ಪ ಹೊತ್ತು ಮಾತ್ರ ಹಾಕುತ್ತಾರೆ. ಥೆರಪಿಸ್ಟ್ ಅಳತೆ ಕೊಟ್ಟರೆ ಊರಿನ ದರ್ಜಿಯೇ ಇದನ್ನು ಹೊಲಿದುಕೊಡಬಹುದು.

ಕೈಯ ಸ್ಪ್ಲಿಂಟನ್ನು ಮಾತ್ರ ಮನೆಯಲ್ಲಿ ಅಂದಾಜಿನಿಂದ ಮಾಡಬಾರದು. ಬಿಸಿನೀರಿನಲ್ಲಿ ಮೆತ್ತಗಾಗುವ ಒಂದು ಬಗೆಯ ಪ್ಲಾಸ್ಟಿಕ್ ಹಾಳೆಯನ್ನು ಮಗುವಿನ ಕೈಗೇ ಹೊಂದಿಸಿ ಥೆರಪಿಸ್ಟ್ ಇದನ್ನು ರೂಪಿಸುತ್ತಾರೆ. ಒಬ್ಬ ಮಗುವಿನದು ಇನ್ನೊಬ್ಬ ಮಗುವಿಗೆ ಆಗುವುದಿಲ್ಲ. ಅಣ್ಣನ ಚಪ್ಪಲಿ ತಮ್ಮನಿಗೆ ಹಾಕಿದ ಹಾಗೆ ಇದನ್ನು ಹಾಕಲಾಗದು.

ಏನು ನಿರೀಕ್ಷಿಸಬಹುದು?

ಇಲ್ಲಿ ನಾವು ಸತ್ಯವನ್ನೇ ಹೇಳಬೇಕು. ಸ್ಪ್ಲಿಂಟ್ ಮೆದುಳನ್ನು ಸರಿಮಾಡುವುದಿಲ್ಲ. ಬಿಗಿತ ಹುಟ್ಟುವುದು ಮೆದುಳಿನಲ್ಲಿ, ಸ್ಪ್ಲಿಂಟ್ ಇರುವುದು ಕೈಯ ಮೇಲೆ. ಹಾಕಿದಾಗ ಕೈ ಸಡಿಲವಾದಂತೆ ಕಂಡರೂ ತೆಗೆದ ಮೇಲೆ ಬಿಗಿತ ಮತ್ತೆ ಬರುತ್ತದೆ. ಮಕ್ಕಳ ಕೈ ಸ್ಪ್ಲಿಂಟ್ ಬಗ್ಗೆ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಒಂದು ಪರಿಶೀಲನೆ ಪ್ರಕಟವಾಯಿತು. ಥೆರಪಿಯ ಜೊತೆಗೆ ಸ್ಪ್ಲಿಂಟ್ ಕೊಟ್ಟಾಗ ಸ್ವಲ್ಪ ಹೆಚ್ಚಿನ ಲಾಭ ಇರಬಹುದು, ಆದರೆ ಹಾಕುವುದನ್ನು ನಿಲ್ಲಿಸಿದ ಮೇಲೆ ಆ ಲಾಭ ಇಳಿದುಹೋಗುತ್ತದೆ ಎಂಬುದು ಅದರ ಸಾರಾಂಶ. ಹಾಗಾಗಿ ಸ್ಪ್ಲಿಂಟ್ ಒಂದನ್ನೇ ಕಟ್ಟಿ ಕೂತರೆ ಸಾಲದು. ಕೈಗೆ ಕೆಲಸ ಕೊಡುವ ಅಭ್ಯಾಸವೇ ಮುಖ್ಯ, ಸ್ಪ್ಲಿಂಟ್ ಅದಕ್ಕೆ ಜೊತೆಗಾರ.

ಹಾಗಾದರೆ ಯಾಕೆ ಬೇಕು? ಹೆಬ್ಬೆರಳು ಮುಷ್ಟಿಯಿಂದ ಹೊರಗೆ ಬಂದರೆ ಮಗು ಏನನ್ನಾದರೂ ಹಿಡಿಯಬಹುದು. ಮುಷ್ಟಿ ಬಿಟ್ಟರೆ ಅಂಗೈ ತೊಳೆಯಬಹುದು, ಉಗುರು ಕತ್ತರಿಸಬಹುದು. ಸದಾ ಮುಚ್ಚಿದ ಅಂಗೈಯಲ್ಲಿ ಬೆವರು ನಿಂತು ವಾಸನೆ ಬರುವುದು, ಉಗುರು ಚುಚ್ಚಿ ಗಾಯವಾಗುವುದು ತಾಯಂದಿರಿಗೆ ಗೊತ್ತೇ ಇದೆ. ಅಂಗಿಯ ತೋಳಿನಲ್ಲಿ ಕೈ ತೂರಿಸುವುದು ಸುಲಭವಾಗುತ್ತದೆ. ಮಗು ಬೆಳೆದು ದೊಡ್ಡದಾದ ಮೇಲೆ ಈ ಸಣ್ಣ ಸಣ್ಣ ವಿಷಯಗಳೇ ಮನೆಯವರಿಗೆ ದೊಡ್ಡ ಹೊರೆಯಾಗುತ್ತವೆ.

ಎಲ್ಲ ಮಕ್ಕಳಿಗೂ ಸ್ಪ್ಲಿಂಟ್ ಬೇಕಿಲ್ಲ ಎಂಬುದನ್ನೂ ತಿಳಿಯಿರಿ. ಕೆಲವು ಮಕ್ಕಳ ಕೈ ಬಿಗಿಯುವ ಬದಲು ತಾನಾಗಿಯೇ ತಿರುಚುತ್ತಾ ಅಲುಗಾಡುತ್ತಿರುತ್ತದೆ. ಅಂಥವರಿಗೆ ಗಟ್ಟಿ ಸ್ಪ್ಲಿಂಟ್ ಉಜ್ಜಿ ಗಾಯ ಮಾಡಬಹುದು. ಯಾರಿಗೆ ಬೇಕು, ಯಾವುದು ಬೇಕು ಎಂದು ಮಗುವನ್ನು ಪರೀಕ್ಷಿಸಿದ ಆಕ್ಯುಪೇಶನಲ್ ಥೆರಪಿಸ್ಟ್ ಅಥವಾ ಫಿಸಿಯೋಥೆರಪಿಸ್ಟ್ ಹೇಳಬೇಕು.

ಹಾಕುವ ಕ್ರಮ

- ಮೊದಲು ಮಗುವನ್ನು ಸಮಾಧಾನವಾಗಿ ಕೂರಿಸಿಕೊಳ್ಳಿ. ಬೆನ್ನಿಗೆ ಆಸರೆ ಇರಲಿ. ಸ್ನಾನವಾದ ಮೇಲೆ ಮೈ ಬೆಚ್ಚಗಿರುವಾಗ ಹಾಕುವುದು ಒಳ್ಳೆಯದು. ಅಳುತ್ತಿರುವಾಗ, ಗದರಿಸಿಕೊಂಡು ಹಾಕಬೇಡಿ.
- ಬೆರಳ ತುದಿ ಹಿಡಿದು ಎಳೆಯಬೇಡಿ. ಮಣಿಕಟ್ಟನ್ನು ಅಂಗೈ ಕಡೆಗೆ ಇನ್ನೂ ಸ್ವಲ್ಪ ಬಗ್ಗಿಸಿ. ಆಗ ಬೆರಳುಗಳು ತಾವೇ ಸಡಿಲವಾಗುತ್ತವೆ.
- ಹೆಬ್ಬೆರಳನ್ನು ತುದಿಯಲ್ಲಿ ಹಿಡಿಯದೆ ಬುಡದಲ್ಲಿ ಹಿಡಿದು ಮೆಲ್ಲಗೆ ಹೊರಗೆ ತನ್ನಿ.
- ಬೆರಳು ಬಿಡಿಸಿದ ಮೇಲೆ ಮಣಿಕಟ್ಟನ್ನು ನಿಧಾನವಾಗಿ ಮೇಲಕ್ಕೆ ತಂದು ಸ್ಪ್ಲಿಂಟಿನ ಮೇಲೆ ಇಡಿ. ಮೊದಲು ಮಣಿಕಟ್ಟಿನ ಪಟ್ಟಿ, ಆಮೇಲೆ ಉಳಿದ ಪಟ್ಟಿಗಳನ್ನು ಹಾಕಿ.
- ಪಟ್ಟಿಯ ಕೆಳಗೆ ನಿಮ್ಮ ಒಂದು ಬೆರಳು ತೂರುವಷ್ಟು ಸಡಿಲ ಇರಲಿ.

ಮೊದಲ ದಿನವೇ ರಾತ್ರಿಯಿಡೀ ಹಾಕಬಾರದು. ನಾವು ಮಾಡಿದ ತಪ್ಪು ಇದೇ. ಮೊದಲ ದಿನ ಹಗಲಲ್ಲಿ, ನಿಮ್ಮ ಕಣ್ಣೆದುರಿಗೆ, 15ರಿಂದ 30 ನಿಮಿಷ ಸಾಕು. ತೆಗೆದು ಚರ್ಮ ನೋಡಿ. ತೊಂದರೆ ಇಲ್ಲದಿದ್ದರೆ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ. ಎಷ್ಟು ಹೊತ್ತಿನವರೆಗೆ ಹೆಚ್ಚಿಸಬೇಕು ಎಂದು ಥೆರಪಿಸ್ಟ್ ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ.

ತೆಗೆದ ಮೇಲೆ ಕೆಂಪು ಗುರುತು ಕಾಣಬಹುದು. ಅರ್ಧ ಗಂಟೆಯೊಳಗೆ ಮಾಯವಾದರೆ ಹೆದರಬೇಕಿಲ್ಲ. ಹಾಗೆಯೇ ಉಳಿದರೆ ಆ ಜಾಗ ಒತ್ತುತ್ತಿದೆ ಎಂದು ಅರ್ಥ. ಸ್ಪ್ಲಿಂಟ್ ನಿಲ್ಲಿಸಿ, ತಿದ್ದಿಸಿಕೊಂಡು ಬನ್ನಿ. ಬೆರಳು ನೀಲಿಯಾದರೆ, ಊದಿಕೊಂಡರೆ, ತಣ್ಣಗಾದರೆ, ಮಗು ನಿಲ್ಲದೆ ಅತ್ತರೆ ಆ ಕ್ಷಣವೇ ಬಿಚ್ಚಿ. ಮಾತು ಬಾರದ ಮಗುವಿಗೆ ನೋವು ಹೇಳಲು ಅಳುವೊಂದೇ ದಾರಿ. ಅದನ್ನು ಹಠ ಎಂದು ತಿಳಿಯಬೇಡಿ.

ಸ್ಪ್ಲಿಂಟನ್ನು ಸೋಪಿನಿಂದ ತಣ್ಣೀರಲ್ಲಿ ತೊಳೆದು ಒರೆಸಿ. ನೀರೊಲೆಯ ಹತ್ತಿರ, ಶೀಟಿನ ಮೇಲೆ, ಬಿಸಿಲಲ್ಲಿ ಇಡಬೇಡಿ. ಅದು ಬಿಸಿಗೆ ಮೆತ್ತಗಾಗುವ ಪ್ಲಾಸ್ಟಿಕ್, ಆಕಾರ ಕೆಡುತ್ತದೆ. ಮಕ್ಕಳು ಬೇಗ ಬೆಳೆಯುತ್ತಾರೆ. ಕೆಲವು ತಿಂಗಳಿಗೊಮ್ಮೆ ಅಳತೆ ಸರಿಯಿದೆಯೇ ಎಂದು ತೋರಿಸಲೇಬೇಕು.

ಹಗಲು ಕೈಗೆ ಕೆಲಸ ಇರಲಿ

ದಿನವಿಡೀ ಗಟ್ಟಿ ಸ್ಪ್ಲಿಂಟಿನಲ್ಲಿಟ್ಟ ಕೈ ಏನನ್ನೂ ಮುಟ್ಟುವುದಿಲ್ಲ, ಏನನ್ನೂ ಕಲಿಯುವುದಿಲ್ಲ. ಇದ್ದ ಶಕ್ತಿಯೂ ಕುಗ್ಗುತ್ತದೆ. ಹಗಲು ಹೊತ್ತು ಕೈ ಬಳಕೆಯಾಗಬೇಕು. ಅದಕ್ಕೆ ದುಬಾರಿ ಆಟದ ಸಾಮಾನು ಬೇಕಿಲ್ಲ. ನಮ್ಮ ಮಾಗಡಿ ಸೀಮೆಯಲ್ಲಿ ಅವರೆಕಾಯಿ ಕಾಲ ಬಂತೆಂದರೆ ಮನೆಮನೆಯಲ್ಲೂ ಕಾಯಿ ಸುಲಿಯುತ್ತಾರೆ. ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಿಗಿದ ಕೈ ಕಾಯಿ ಹಿಡಿಯಲಿ, ಇನ್ನೊಂದು ಕೈ ಸುಲಿಯಲಿ. ಒಂದು ಸೇರು ಸುಲಿಯುವ ಹೊತ್ತಿಗೆ ಎಷ್ಟು ಸಲ ಆ ಕೈ ಹಿಡಿದು ಬಿಟ್ಟಿರುತ್ತದೆ ಲೆಕ್ಕ ಹಾಕಿ. ಚಪಾತಿ ಹಿಟ್ಟು ನಾದುವುದು, ಎರಡೂ ಕೈಯಲ್ಲಿ ಚೊಂಬು ಎತ್ತುವುದು, ಬಾಟಲಿಯ ಮುಚ್ಚಳ ತಿರುಗಿಸುವುದು, ಒದ್ದೆ ಬಟ್ಟೆ ಹಿಂಡುವುದು ಎಲ್ಲವೂ ಎರಡು ಕೈಯ ಕೆಲಸಗಳೇ. ಒಂದೇ ಕಡೆಯ ಕೈ ಬಿಗಿದಿರುವ ಮಕ್ಕಳಿಗೆ ಇಂಥ ಎರಡು ಕೈಯ ಅಭ್ಯಾಸದಿಂದ ಉಪಯೋಗವಾಗುತ್ತದೆಂದು ಅಧ್ಯಯನಗಳೂ ಹೇಳುತ್ತವೆ. ಆದರೆ ಮಗುವಿಗೆ ಬೇಕೆನಿಸುವ ಕೆಲಸವಾಗಿರಬೇಕು, ದಿನವೂ ಮಾಡಬೇಕು.

ಒಂದು ಸೂಕ್ಷ್ಮ ವಿಷಯ. ಬಲಗೈ ಬಿಗಿದಿರುವ ಮಗು ಎಡಗೈಯಲ್ಲಿ ಉಣ್ಣುತ್ತದೆ. ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಇದು ಸರಿಬರುವುದಿಲ್ಲ. ಈ ಹುಡುಗನ ಅಜ್ಜಿಯೂ, "ಎಡಗೈಲಿ ಅನ್ನ ಮುಟ್ಟಬಾರ್ದು ಕಣವ್ವಾ" ಎಂದು ತಾವೇ ತುತ್ತು ಮಾಡಿ ತಿನ್ನಿಸುತ್ತಿದ್ದರು. ಪ್ರೀತಿಯಿಂದಲೇ. ಆದರೆ ಹುಡುಗ ತಾನಾಗಿ ಉಣ್ಣುವುದನ್ನು ಕಲಿಯಲೇ ಇಲ್ಲ. ಎಡಗೈಯಲ್ಲಿ ಉಣ್ಣಲಿ ಬಿಡಿ. ಬಲಗೈ ತಟ್ಟೆ ಜಾರದಂತೆ ಒತ್ತಿ ಹಿಡಿಯಲಿ. ಅದೂ ಕೆಲಸವೇ.

ಬೇರೆ ಚಿಕಿತ್ಸೆಗಳು

ಬಿಗಿತ ತುಂಬಾ ಇದ್ದರೆ ವೈದ್ಯರು ಬೊಟುಲಿನಮ್ ಚುಚ್ಚುಮದ್ದನ್ನು ಆ ಸ್ನಾಯುವಿಗೇ ಕೊಡುವುದುಂಟು. ಅದರ ಪರಿಣಾಮ ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸು. ಆ ಅವಧಿಯಲ್ಲಿ ವ್ಯಾಯಾಮ ಮಾಡಿಸದಿದ್ದರೆ ಹಣ ವ್ಯರ್ಥ. ಬ್ಯಾಕ್ಲೋಫೆನ್‌ನಂಥ ಮಾತ್ರೆಗಳೂ ಇವೆ. ಅವನ್ನು ವೈದ್ಯರ ಮಾತಿಲ್ಲದೆ ಶುರು ಮಾಡಬಾರದು, ಥಟ್ಟನೆ ನಿಲ್ಲಿಸಲೂ ಬಾರದು. ನಿಲ್ಲಿಸಿದರೆ ಅಪಾಯವಿದೆ. ಸ್ನಾಯು ಆಗಲೇ ಗಿಡ್ಡವಾಗಿದ್ದರೆ ವಾರವಾರ ಬದಲಿಸುವ ಪ್ಲಾಸ್ಟರ್ ಕಟ್ಟು, ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಎಲ್ಲಿಗೆ ಹೋಗಬೇಕು?

ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. ಈ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಆ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡದೆ ಕರೆದುಕೊಂಡು ಹೋಗಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಸೆರೆಬ್ರಲ್ ಪಾಲ್ಸಿ ಹೆಸರಿಸಿಯೇ ಸೇರಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಅಡಿಯಲ್ಲಿ ಈ ಮಕ್ಕಳಿಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, ಒಂದು ಲಕ್ಷ ರೂಪಾಯಿವರೆಗೆ.

ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆ, ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, 1959ರಲ್ಲಿ ಶುರುವಾದ ಲಿಂಗರಾಜಪುರದ ಎ.ಪಿ.ಡಿ. ಸಂಸ್ಥೆ, 1994ರಿಂದ ಕೆಲಸ ಮಾಡುತ್ತಿರುವ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಇವೆ. ಕುದೂರಿನಿಂದ ಬಸ್ಸಿನಲ್ಲಿ ಮಗುವನ್ನು ಎತ್ತಿಕೊಂಡು ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಅದು ನಮಗೆ ಗೊತ್ತು. ಆದ್ದರಿಂದ ಹೋಗುವ ಮೊದಲು ನಮ್ಮ ಕಾರ್ಯಕರ್ತರಿಗೆ ತಿಳಿಸಿ. ಯಾವ ದಿನ ಯಾರನ್ನು ಕಾಣಬೇಕೆಂದು ವಿಚಾರಿಸಿಕೊಂಡು ಹೋದರೆ ಎರಡು ಸಲ ಅಲೆಯುವುದು ತಪ್ಪುತ್ತದೆ.

ಆ ಹುಡುಗ ಈಗ

ಸ್ಪ್ಲಿಂಟನ್ನು ಮೊಳೆಯಿಂದ ತೆಗೆದು ಮತ್ತೆ ಥೆರಪಿಸ್ಟ್ ಹತ್ತಿರ ಒಯ್ದೆವು. ಹೆಬ್ಬೆರಳ ಬುಡದಲ್ಲಿ ಒತ್ತುತ್ತಿದ್ದ ಅಂಚನ್ನು ಅವರು ಬಿಸಿಮಾಡಿ ಅಗಲಿಸಿದರು. ಈ ಸಲ ಇಪ್ಪತ್ತು ನಿಮಿಷದಿಂದ ಶುರು ಮಾಡಿದೆವು, ಮೊದಲ ವಾರ ದಿನ ಬಿಟ್ಟು ದಿನ ಹೋಗಿ ನೋಡಿದೆವು. ಕೈ ಸರಿಹೋಗಿಲ್ಲ. ಓಡುವಾಗ ಈಗಲೂ ಮಡಚುತ್ತದೆ. ಆದರೆ ಅಂಗೈ ಶುಭ್ರವಾಗಿದೆ, ಹೆಬ್ಬೆರಳು ಮುಷ್ಟಿಯ ಹೊರಗಿದೆ. ಹೋದ ಸಲ ನಾವು ಹೋದಾಗ ಅವನು ಬಲಗೈಯಿಂದ ತಟ್ಟೆ ಒತ್ತಿ ಹಿಡಿದು ಎಡಗೈಯಲ್ಲಿ ಮುದ್ದೆ ಮುರಿಯುತ್ತಿದ್ದ. ಅಜ್ಜಿ ಎದುರಿಗೆ ಕೂತು ಸಾರು ಬಡಿಸುತ್ತಿದ್ದರು.

ಮಾರ್ಕನು ಬರೆದ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ಕೈ ಬತ್ತಿಹೋದ ಒಬ್ಬ ಮನುಷ್ಯ ಬರುತ್ತಾನೆ. ಯೇಸುಸ್ವಾಮಿ ಅವನನ್ನು ಗುಣಪಡಿಸುವುದಕ್ಕೂ ಮೊದಲು ಎದ್ದು ಎಲ್ಲರ ನಡುವೆ ಬಂದು ನಿಲ್ಲುವಂತೆ ಕರೆದರು. ಗುಣಪಡಿಸುವ ಶಕ್ತಿ ನಮಗಿಲ್ಲ. ಮೂಲೆಯಲ್ಲಿ ಮಲಗಿರುವ ಮಗುವನ್ನು ಮನೆಯ ನಡುವೆ, ಊಟದ ಪಂಕ್ತಿಗೆ, ಅಂಗನವಾಡಿಗೆ, ಶಾಲೆಗೆ ಕರೆತರುವ ಶಕ್ತಿ ಜಾತಿ ಮತ ಭೇದವಿಲ್ಲದೆ ನಮ್ಮೆಲ್ಲರಿಗೂ ಇದೆ. ನಿಮ್ಮ ಬೀದಿಯಲ್ಲಿ ಮುಷ್ಟಿ ಬಿಗಿದ ಕೈಯ ಮಗು ಇದ್ದರೆ ಇವತ್ತೇ ನಮಗೆ ತಿಳಿಸಿ. ಗೋಡೆಯ ಮೊಳೆಗೆ ನೇತುಹಾಕಿದ ಸ್ಪ್ಲಿಂಟ್ ಇದ್ದರೆ ಅದನ್ನೂ ತಿಳಿಸಿ. ಯಾರನ್ನೂ ಬೈಯಲು ಬರುವುದಿಲ್ಲ, ಈ ಸಲ ಕೂತು ತೋರಿಸಿಕೊಡುತ್ತೇವೆ.